ದಾದಾಸಾಹೇಬರ ಪ್ರಾಕ್ಟಿಕಲ್

ಬೆಳಗಿನ ಒಂಬತ್ತು ಗಂಟೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹಣಮಂತ ಎಮ್ಮೆಯ ಮೈ ಬೋಳಿಸುತ್ತಿದ್ದ.

“ಸಾವಕಾಶ ಕೆರಿಯೋ ಭಾಡ್ಯಾ! ಪಾಡವಾಕ್ಕ ಓಡೂ ಎಮ್ಮಿ ಅದು, ನಿಮ್ಮಪ್ಪನ ಗಡ್ಡ ಅಲ್ಲ!” ದಾದಾಸಾಹೇಬರು ಜೋಕಾಲಿಯಿಂದಲೇ ಕೂಗಿದರು.

೧೯೬೪ರ ದೀಪಾವಳಿ ಹತ್ತಿರವಿತ್ತು. ಪಾಡವಾದ ದಿನ, ಅಂದರೆ ಬಲಿಪಾಡ್ಯಮಿಯಂದು, ಕೊಲ್ಹಾಪುರದ ಬೀದಿಗಳಲ್ಲಿ ಸಿಂಗರಿಸಿದ ಎಮ್ಮೆಗಳು ಓಡುತ್ತವೆ. ತಮ್ಮ ಎಮ್ಮೆಯ ಬೆನ್ನ ಮೇಲೆ ಕೂದಲಿನಲ್ಲೇ ತಮ್ಮ ಕಾರ್ಖಾನೆಯ ಹೆಸರು ಮೂಡಬೇಕೆಂದು ದಾದಾಸಾಹೇಬರ ಹಟ. ಕಾರ್ಖಾನೆ ಆಯಿಲ್ ಎಂಜಿನ್ನಿನದು. ಹಣಮಂತನಂಥ ಹುಡುಗರಿಗೆ ಆರು ತಿಂಗಳು ಕಾಲೇಜಿನಲ್ಲಿ ಪಾಠ, ಆರು ತಿಂಗಳು ಇಲ್ಲಿ ಕೆಲಸ ಎಂದು ಎರಡೂ ಕಡೆಯವರು ಕೂಡಿ ಮಾಡಿಕೊಂಡ ಏರ್ಪಾಟು. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ಅವನ ತಾಯಿ ಚೆನ್ನವ್ವ, ಮಗ ಕಬ್ಬಿಣ ಕಡೆಯುವ ಲೇಥ್ ಯಂತ್ರ ಕಲಿತು ಬರುತ್ತಾನೆಂದು ಕಾದಿದ್ದಳು. ಎರಡು ವರ್ಷದಲ್ಲಿ ಮಗ ಲೇಥನ್ನು ಒರೆಸಿದ್ದ, ನಡೆಸಿರಲಿಲ್ಲ.

ಫೋರಮನ್ ಜೋತಿಬಾ ಬಂದು ಹಣಮಂತನ ಕಿಸೆಗೆ ಹೊಳೆಯುವ ಉಕ್ಕಿನ ಪಿನ್ನೊಂದನ್ನು ತುರುಕಿದ. “ನಾ ಮಾಡೇನಿ. ಮಾಸ್ತರ ಕೇಳಿದ್ರ ನೀನ ಮಾಡಿದ್ದಂತ ಹೇಳಿ ಪಾಸಾಗು. ಬಾಯಿ ಬಿಟ್ಟಿ ಅಂದ್ರ ಮಗ್ಗಾನ ಗತಿ ನೋಡ್.”

“ಒಂದ್ ಸಲ ನಡಸಾಕ ಕೊಡ್ರಿ ಮಿಸ್ತ್ರಿ. ನಾಳಿ ಬ್ಯಾರೆ ಕಡೆ ನೌಕರಿ ಸಿಕ್ರ ಲೇಥ್ ಮುಂದ ನಿಂತು ಏನ್ ಮಾಡ್ಲಿ?”

ದಾದಾಸಾಹೇಬರಿಗೆ ನಗು ತಡೆಯಲಿಲ್ಲ. “ಕಂಡಿಕಿ ಸುತ್ತಾಕಿ ಮಗಗ ಲೇಥ್ ಬೇಕಂತ! ಮುರದ್ರ ನಿಮ್ಮವ್ವನ್ನ ಮಾರಿ ತುಂಬತೀಯೇನ್ಲೇ?”

ಜೋತಿಬಾನೂ ನಕ್ಕ. ಹಣಮಂತ ಬೋಳಿಸುವ ಕತ್ತಿ ಒರೆಸಿಕೊಂಡ.

ಕಾಲೇಜಿನ ಮಾಸ್ತರರು ದಾದಾಸಾಹೇಬರ ಮನೆಯ ಶಿರಾ ತಿಂದು, ಬಾಯಿ ಒರೆಸಿಕೊಳ್ಳುತ್ತ ಅವರ ಜೊತೆ ಕಾರ್ಖಾನೆಯ ಶೆಡ್ಡಿಗೆ ಬಂದರು. ಹುಡುಗರು ಸಾಲಾಗಿ ನಿಂತಿದ್ದರು.

“ಕಾಯ್ ಶಿಕಲಾಸ್? ಏನ್ ಕಲ್ತಿ, ತೋರಸು,” ಎಂದರು ಮಾಸ್ತರರು.

ಮೊದಲ ಸರದಿ ಹಣಮಂತನದು. ಅವನು ಪಿನ್ನನ್ನು ಮೇಜಿನ ಮೇಲಿಟ್ಟ. “ಇದು ಜೋತಿಬಾ ಮಿಸ್ತ್ರೀದು ರೀ. ಮಾರ್ಕ್ಸ್ ಅವರಿಗೇ ಕೊಡ್ರಿ. ನಂದು ಹೊರಗೈತಿ, ತರ್ತೇನಿ.”

ಎಮ್ಮೆಯನ್ನು ಎಳೆದು ತಂದು ಲೇಥಿಗೆ ಕಟ್ಟಿದ. ಬೆನ್ನ ಮೇಲೆ ಕಾರ್ಖಾನೆಯ ಅರ್ಧ ಹೆಸರು ಮೂಡಿತ್ತು. ಉಳಿದರ್ಧವನ್ನು ಬೋಳಿಸತೊಡಗಿದ.

“ಹೇ ಕಾಯ್ ರೇ? ಏನಿದು?” ಮಾಸ್ತರರು ಹಿಂದೆ ಸರಿದರು.

“ಪ್ರಾಕ್ಟಿಕಲ್ ರೀ ಸರ. ಹಿಂಡೂದೂ ಕಲ್ತೇನಿ. ಹಿಂಡ್ಲಿ?”

ಎಮ್ಮೆ ಲೇಥಿನ ಬುಡಕ್ಕೆ ಧಾರಾಳವಾಗಿ ಸಗಣಿ ಹಾಕಿತು.

“ಹೊರಗ ಒಗೀರಿ ಆ ಹಲ್ಕಟ್ ಸೂಳೆಮಗನ್ನ!” ದಾದಾಸಾಹೇಬರು ಕಿರುಚಿದರು. ಜೋತಿಬಾ ಮುಂದೆ ನುಗ್ಗಿದ. ಅಷ್ಟರಲ್ಲಿ ಗಡಹಿಂಗ್ಲಜದ ಭರಮಪ್ಪ ಸಾಲು ಬಿಟ್ಟು ಅಡ್ಡ ಬಂದ. ಜೋತಿಬಾ ತನಗೂ ಕೊಟ್ಟಿದ್ದ ಪಿನ್ನನ್ನು ಮೇಜಿನ ಮೇಲಿಟ್ಟು ತೋಳು ಮೇಲೇರಿಸಿದ.

“ನಂದು ಕಾಲ್ ಒತ್ತೂ ಪ್ರಾಕ್ಟಿಕಲ್ ರೀ ಸರ. ದಾದಾಸಾಹೇಬ್ರ, ಮಲ್ಕೋರಿ.”

ಅವನ ಹಿಂದೆ ಉಳಿದ ಹುಡುಗರದೂ ಒಂದೊಂದೇ ಪಿನ್ನು ಮೇಜಿಗೆ ಬಂತು.

ಆ ವರ್ಷ ಆ ಕಾರ್ಖಾನೆಯಿಂದ ಒಬ್ಬನೂ ಪಾಸಾಗಲಿಲ್ಲ. ಹಣಮಂತ ಇಚಲಕರಂಜಿಯಲ್ಲಿ ಮಗ್ಗಕ್ಕೆ ನಿಂತ. ಡಿಸೆಂಬರಿನಲ್ಲಿ ಕಾಲೇಜು ಹೊಸ ಹುಡುಗರನ್ನು ಅದೇ ಕಾರ್ಖಾನೆಗೆ ಕಳಿಸಿತು.