ಮೊಲದ ಕೋಣೆಯ ತಂಪು

ನನಗೆ ಹೊಟ್ಟೆಕಿಚ್ಚು. ಯಾರ ಮೇಲೆ ಅಂತ ಹೇಳಿದರೆ ನೀವು ನಗುತ್ತೀರಿ. ಮೊಲಗಳ ಮೇಲೆ.

ನಗಿ, ಪರವಾಗಿಲ್ಲ. ಆದರೆ ಒಮ್ಮೆ ನಮ್ಮ ತೊಳೆಯುವ ಕೋಣೆಗೆ ಬಂದು ನಿಂತು ಆಮೇಲೆ ನಗಿ. ಮೇಲೆ ತಗಡು. ಗೋಡೆಗೆ ಬಿಸಿನೀರಿನ ಕೊಳವೆ. ಮಧ್ಯೆ ಸಿಮೆಂಟಿನ ತೊಟ್ಟಿ. ಮೊಲದ ಗೂಡಿನ ಅಡಿಯಲ್ಲಿಡುವ ತಟ್ಟೆಗಳು ನಮ್ಮ ಕೈಗೆ ಬರುವ ಹೊತ್ತಿಗೆ ಉಚ್ಚೆ ಒಣಗಿ ಸುಣ್ಣದ ಹಾಗೆ ಹೆಪ್ಪುಗಟ್ಟಿರುತ್ತದೆ. ಆಸಿಡ್ ಹಾಕಿ ನೆನೆಸಬೇಕು, ಕೆರೆಯಬೇಕು, ಬಿಸಿನೀರು ಸುರಿಯಬೇಕು. ಆಗ ಏಳುವ ಘಾಟು ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ. ಅತ್ತ ಹಾಗೆ ಕಾಣುತ್ತೇವೆ, ಅತ್ತಿರುವುದಿಲ್ಲ. ಅಳುವುದಕ್ಕೆ ಪುರುಸೊತ್ತೂ ಇರುವುದಿಲ್ಲ.

ಗೋಡೆಯ ಆ ಕಡೆ ಮೊಲದ ಕೋಣೆ. ಅಲ್ಲಿ ವರ್ಷವಿಡೀ ಒಂದೇ ತಂಪು. ಕರೆಂಟು ಹೋದರೆ ಊರೆಲ್ಲ ಕತ್ತಲಾದರೂ ಆ ಕೋಣೆಗೆ ಬೇರೆ ಯಂತ್ರವಿದೆ, ತಂತಾನೇ ಚಾಲೂ ಆಗುತ್ತದೆ. ಸೋಸಿದ ಗಾಳಿ. ಸೋಸಿದ ನೀರು. ಬೇಸರವಾಗದಿರಲಿ ಅಂತ ಕಡಿಯುವುದಕ್ಕೆ ಮರದ ತುಂಡು. ವಾರವಾರ ಡಾಕ್ಟರು. ಅಲ್ಲಿ ಜೋರಾಗಿ ಮಾತಾಡುವಂತಿಲ್ಲ, ಮೊಲಗಳು ಬೆದರುತ್ತವೆ. ಒಂದು ಪ್ರಯೋಗಕ್ಕೆ ಬಂದ ಮೊಲಕ್ಕೆ ವಿಶ್ರಾಂತಿ ಕೊಡದೆ ಇನ್ನೊಂದಕ್ಕೆ ಎತ್ತುವಂತಿಲ್ಲ. ಸರ್ಕಾರದ ಕಾಯ್ದೆ. ನನ್ನ ಇಡೀ ವಂಶದಲ್ಲಿ ಯಾರಿಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ.

ಇದು ಸರ್ಕಾರದ ಸಂಶೋಧನಾಲಯ. ಇಲ್ಲಿ ಉಬ್ಬಸಕ್ಕೆ ಹೊಸ ಔಷಧ ಕಂಡುಹಿಡಿಯುತ್ತಿದ್ದಾರೆ. ಮೊಲಕ್ಕೆ ಉಬ್ಬಸ ಬರಿಸುತ್ತಾರೆ, ಆಮೇಲೆ ಔಷಧ ಕೊಟ್ಟು ನೋಡುತ್ತಾರೆ. ನಮಗೆ ಉಬ್ಬಸ ಪುಕ್ಕಟೆಯಾಗಿ ಬರುತ್ತದೆ, ಯಾರೂ ಬರಿಸಬೇಕಾಗಿಲ್ಲ. ಔಷಧ ಮಾತ್ರ ಇಲ್ಲ.

ಉಬ್ಬಸ ಬಂದದ್ದು ನಮ್ಮತ್ತಿಗೆಗೆ. ನನ್ನ ಅಣ್ಣನ ಹೆಂಡತಿ. ನನ್ನನ್ನು ಈ ಕೆಲಸಕ್ಕೆ ಕರೆತಂದವಳೂ ಅವಳೇ. ಮೊಲಗಳೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವುಗಳದೇ ಸುದ್ದಿ. ಮೂಲೆಯ ಗೂಡಿನದು ಇವತ್ತು ಮೇವು ತಿನ್ನಲಿಲ್ಲ, ಕಿವಿ ಮಡಚಿಕೊಂಡಿತ್ತು ಅಂತ. ನಾನು ಮೂಗು ಮುರಿಯುತ್ತಿದ್ದೆ. ನಾನು ಊಟ ಬಿಟ್ಟರೆ ಯಾರು ಕೇಳುತ್ತಾರೆ ಅಂದರೆ, "ನೀನು ಎಲ್ಲಿ ಬಿಡ್ತೀಯ ಕಣೇ, ತಟ್ಟೆ ಸಮೇತ ತಿಂತೀಯ" ಅಂತ ನಗುವಳು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ಎದೆಯೊಳಗೆ ಸೀಟಿ ಊದಿದ ಸದ್ದು. ಆಸ್ಪತ್ರೆಯಲ್ಲಿ ಆ ಘಾಟು ಗಾಳಿ ಬಿಟ್ಟುಬಿಡಿ ಅಂದರಂತೆ. ಆ ಗಾಳಿ ಬಿಟ್ಟರೆ ಊಟವನ್ನೂ ಬಿಡಬೇಕು. ಅಣ್ಣನ ಸೊಂಟ ಬಿದ್ದುಹೋದ ಮೇಲೆ ಮನೆ ನಡೆಯುವುದು ಅವಳ ಸಂಬಳದಲ್ಲಿ, ಮೇಲೆ ಒಂದಿಷ್ಟು ನನ್ನದು.

ಮೊದಲು ಮೊಲಗಳಿಗೂ ತಗಡೇ ಇತ್ತಂತೆ. ಬೇಸಿಗೆಯಲ್ಲಿ ಪಟಪಟನೆ ಸಾಯುತ್ತಿದ್ದವಂತೆ. ಆಗ ಅತ್ತಿಗೆ ಗೋಣಿಚೀಲ ನೆನೆಸಿ ಗೂಡಿನ ಮೇಲೆ ಹೊದಿಸುತ್ತಿದ್ದಳು. ಆಮೇಲೆ ಹೊಸ ಕಾಯ್ದೆ ಬಂತು. ತಪಾಸಣೆಯವರು ಬಂದು ನೋಡಿ, ಹೀಗೆ ಮೊಲ ಸಾಕುವವರಿಗೆ ಅನುದಾನವಿಲ್ಲ ಅಂದುಬಿಟ್ಟರು. ಸರ್ಕಾರದ ದುಡ್ಡು ನಿಂತದ್ದೇ ತಡ, ಇಡೀ ಸಂಶೋಧನಾಲಯ ಕೈಕಾಲು ಬಿಟ್ಟಿತು. ಯಂತ್ರಗಳಿಗೆ ಹೊದಿಕೆ ಹಾಕಿದರು. ಓದಿದವರು ಕಾರಿಡಾರಿನಲ್ಲಿ ಟೀ ಕುಡಿಯುತ್ತ ನಿಂತರು. ಔಷಧ ಅರ್ಧಕ್ಕೇ ನಿಂತಿತು. ಅದರ ಹಿಂದೆ ಬಿದ್ದಿದ್ದ ವಿಜ್ಞಾನಿ ಮೇಡಂ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಕೊನೆಗೆ ಹಣ ಬಂತು. ಮೊಲದ ಕೋಣೆ ಎದ್ದಿತು. ಯಂತ್ರಗಳ ಹೊದಿಕೆ ತೆಗೆದರು.

ತಂಪು ಮಾಡುವ ಯಂತ್ರ ಒಳಗಿನ ಬಿಸಿಯನ್ನು ಹೊರಗೆ ಉಗುಳಬೇಕಲ್ಲ. ಎಲ್ಲಿಗೆ ಉಗುಳುವುದು ಅಂತ ಇಂಜಿನಿಯರು ಸುತ್ತ ನೋಡಿದನಂತೆ. ಒಂದು ಕಡೆ ಮೇಡಂ ಕೋಣೆ, ಇನ್ನೊಂದು ಕಡೆ ತೋಟ. ತೋಟದ ಹೂವು ಬಾಡುತ್ತದೆ ಅಂದರು. ಅದರ ಬಾಯಿಯನ್ನು ನಮ್ಮ ತೊಳೆಯುವ ಕೋಣೆಯ ಕಿಟಕಿಗೆ ತಿರುಗಿಸಿದರು.

ನಾನು ಸುಮ್ಮನಿರುವವಳಲ್ಲ. ಮೇಡಂ ಹತ್ತಿರ ಹೋದೆ. ಒಂದು ಫ್ಯಾನು, ಘಾಟು ಎಳೆಯುವ ಒಂದು ಯಂತ್ರ, ಆ ಬಿಸಿಗಾಳಿಯ ಬಾಯಿ ಬೇರೆ ಕಡೆಗೆ. ಇಷ್ಟೇ ಕೇಳಿದ್ದು. ಮೇಡಂ ಕೂರಿಸಿ ಮಾತಾಡಿದರು, ಸುಳ್ಳು ಹೇಳಬಾರದು.

"ಆ ದುಡ್ಡು ಮೊಲದ ಹೆಸರಲ್ಲಿ ಬಂದಿರೋದಮ್ಮ. ಅದ್ರಲ್ಲಿ ಒಂದು ಮೊಳೆ ಕೂಡ ನಿಮ್ಮ ಕೋಣೆಗೆ ಹೊಡೆಯೋ ಹಾಗಿಲ್ಲ. ಲೆಕ್ಕ ಕೇಳ್ತಾರೆ."

"ನಮ್ಮ ಹೆಸರಲ್ಲಿ ಎಷ್ಟು ಬಂದಿದೆ ಮೇಡಂ?"

"ನೀವು ಸಂಶೋಧನೆಗೆ ಸೇರಿದವರಲ್ಲ. ಕಾಂಟ್ರ್ಯಾಕ್ಟರ್ ಕಡೆಯವರು. ಕಾಯ್ದೇಲಿ ಪ್ರಾಣಿಗಳ ಬಗ್ಗೆ ಇದೆ, ವಿಜ್ಞಾನಿಗಳ ಬಗ್ಗೆ ಇದೆ. ನಿಮ್ಮ ಬಗ್ಗೆ ಏನೂ ಇಲ್ಲ. ನಾನೇನು ಮಾಡ್ಲಿ ಹೇಳು."

ಕಾಂಟ್ರ್ಯಾಕ್ಟರನನ್ನು ಕೇಳಿದರೆ ಕಟ್ಟಡ ಸರ್ಕಾರದ್ದು, ತಾನೇಕೆ ಫ್ಯಾನು ಹಾಕಲಿ ಅಂದ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ನಾನು ಕಾರಿಡಾರಿನಿಂದ ಮೊಲದ ಕೋಣೆಯೊಳಗೆ ನೋಡಿದೆ. ಗಾಜಿನ ಹಿಂದೆ ಒಂದು ಬಿಳಿ ಮೊಲ ಕಾಲು ಚಾಚಿ ಮಲಗಿತ್ತು. ಅಂದು ಅದರ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಸವತಿಯ ಮೇಲೂ ಬರಲಾರದು.

ನಮ್ಮಲ್ಲಿ ನಡೆಯುವುದಕ್ಕೂ ಒಂದು ನಿಯಮವಿದೆ. ಬೆಳಿಗ್ಗೆ ಅಲ್ಲೇ ಸ್ನಾನ ಮಾಡಿ, ಅವರು ಕೊಟ್ಟ ಒಗೆದ ನಿಲುವಂಗಿ ಹಾಕಿಕೊಂಡು ಮೊದಲು ಮೊಲದ ಕೋಣೆಗೆ ಹೋಗಬೇಕು. ಮೇವು, ನೀರು ಕೊಟ್ಟು ಕೊಳೆ ತಟ್ಟೆ ಎತ್ತಿಕೊಂಡು ಪಕ್ಕದ ಬಾಗಿಲಿಂದ ತೊಳೆಯುವ ಕೋಣೆಗೆ ದಾಟಬೇಕು. ದಾಟಿದ ಮೇಲೆ ಮುಗಿಯಿತು. ಆ ಬಾಗಿಲಲ್ಲಿ ಯಾರೂ ಹಿಂದಕ್ಕೆ ಬರುವಂತಿಲ್ಲ. ಕೊಳೆ ಮುಟ್ಟಿದವರಿಂದ ಮೊಲಗಳಿಗೆ ರೋಗ ತಗುಲುತ್ತದಂತೆ. ಕೆಲಸ ಮುಗಿಸಿ ಹಿಂಬಾಗಿಲಿಂದ ಅಂಗಳಕ್ಕೆ ಇಳಿದು ಮನೆಗೆ ಹೋಗಬೇಕು. ತೊಳೆದ ತಟ್ಟೆಗಳು ಮಾತ್ರ ಆವಿಯ ಪೆಟ್ಟಿಗೆಯೊಳಗೆ ಬೆಂದು ಆ ಕಡೆಗೆ ವಾಪಸ್ ಹೋಗುತ್ತವೆ. ತಟ್ಟೆಗೆ ವಾಪಸ್ ದಾರಿಯಿದೆ, ತಟ್ಟೆ ತೊಳೆದವಳಿಗಿಲ್ಲ.

ಆ ದಿನ ಹೊರಗೆ ಬಿಸಿಲು ಕುದಿಯುತ್ತಿತ್ತು. ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು, ತೊಳೆಯುವ ಕೋಣೆಯಲ್ಲಿ ನಾವಿಬ್ಬರೇ. ಕಿಟಕಿಯಿಂದ ಯಂತ್ರದ ಉಸಿರು, ತೊಟ್ಟಿಯಿಂದ ಆವಿ. ಅತ್ತಿಗೆ ಕೆಮ್ಮುವುದನ್ನೂ ಬಿಟ್ಟಿದ್ದಳು, ಕೆಮ್ಮುವಷ್ಟು ಗಾಳಿ ಎದೆಯಲ್ಲಿರಲಿಲ್ಲ. ಚರಂಡಿ ಕಟ್ಟಿಕೊಂಡಿತ್ತು, ಅವಳಿಗೆ ಕೂತ್ಕೋ ಅಂತ ಹೇಳಿ ಅದನ್ನು ಬಿಡಿಸಲು ಹಿಂದಕ್ಕೆ ಹೋದೆ. ಬಂದು ನೋಡಿದರೆ ಅತ್ತಿಗೆ ಇಲ್ಲ. ಅಂಗಳದಲ್ಲೂ ಇಲ್ಲ. ಮೊಲದ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು.

ಒಳಗೆ ನುಗ್ಗಿದೆ. ಅತ್ತಿಗೆ ಗೂಡುಗಳ ಸಾಲಿನ ನಡುವೆ ನೆಲದ ಮೇಲೆ ಮಲಗಿದ್ದಳು. ಒದ್ದೆ ಏಪ್ರನ್ ಮೈಮೇಲೆ ಹಾಗೇ ಇತ್ತು. ಸತ್ತೇ ಹೋದಳು ಅಂದುಕೊಂಡೆ. ಎದೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಸೀಟಿಯ ಸದ್ದು ಅಡಗಿತ್ತು. ಎಷ್ಟೋ ತಿಂಗಳಿಂದ ನಾನು ಅವಳ ಉಸಿರನ್ನು ಅಷ್ಟು ಸಲೀಸಾಗಿ ಕಂಡಿರಲಿಲ್ಲ.

"ಬೈಬೇಡ ಕಣೇ," ಅಂದಳು. "ಕಾಲು ತಂತಾನೇ ಈ ಕಡೆ ಬಂತು. ಒಂದು ಗಳಿಗೆ ಇದ್ದು ಎದ್ದುಬಿಡ್ತೀನಿ."

ನಾನು ಬೈಯಲಿಲ್ಲ. ಅವಳ ಪಕ್ಕ ಕೂತೆ. ತಂಪು ನನ್ನ ಬೆವೆತ ಬೆನ್ನಿಗೆ ತಗುಲಿತು. ಸುಖವಾಗಬೇಕಿತ್ತು, ಸಿಟ್ಟು ಬಂತು. ಬೆಳಿಗ್ಗೆ ಮೇವು ಹಾಕುವಾಗ ದಿನವೂ ಇದೇ ತಂಪಿನಲ್ಲಿ ಓಡಾಡುತ್ತೇವೆ, ಆದರೆ ಆಗ ಸುಸ್ತಾಗಿರುವುದಿಲ್ಲ. ಇದು ಬೇಕಾಗುವ ಹೊತ್ತಿಗೆ ನಾವು ಗೋಡೆಯ ಆ ಕಡೆ ಇರುತ್ತೇವೆ. ಮೊಲಗಳು ಮೂಗು ಅಲ್ಲಾಡಿಸುತ್ತ ನಮ್ಮನ್ನೇ ನೋಡುತ್ತಿದ್ದವು.

ಕಾಂಟ್ರ್ಯಾಕ್ಟರನ ಸೂಪರ್‌ವೈಸರ್ ಗಾಜಿನಾಚೆಯಿಂದ ನಮ್ಮನ್ನು ನೋಡಿಬಿಟ್ಟ. ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಗಂಟೆ ಬಾರಿಸಿದರು. ಮೇಡಂ ಓಡಿ ಬಂದರು. ಪ್ರಾಣಿ ಡಾಕ್ಟರು ಊಟ ಬಿಟ್ಟು ಓಡಿ ಬಂದರು. ನಮ್ಮಿಬ್ಬರನ್ನು ಹಿಂಬಾಗಿಲಿಂದ ಅಂಗಳಕ್ಕೆ ದಬ್ಬಿ, ಒಂದೊಂದೇ ಮೊಲವನ್ನು ಎತ್ತಿ ನೋಡಿದರು. ಕಣ್ಣು, ಕಿವಿ, ಮೂಗು. ಎದೆಗೆ ಕೊಳವೆ ಇಟ್ಟು ಉಸಿರು ಕೇಳಿದರು. ಬಿಸಿಲಿಗೆ ಬಂದ ಕೂಡಲೇ ಅತ್ತಿಗೆಯ ಎದೆಯ ಸೀಟಿ ಮತ್ತೆ ಶುರುವಾಗಿತ್ತು. ಅಂಗಳದ ಕಲ್ಲಿನ ಮೇಲೆ ಬಗ್ಗಿ ಕೂತು ಗಾಳಿಗೆ ಬಾಯಿ ತೆರೆಯುತ್ತಿದ್ದಳು. ಯಾರೂ ತಿರುಗಿ ನೋಡಲಿಲ್ಲ.

ಡಾಕ್ಟರು ಹೊರಗೆ ಬಂದಾಗ ಅಡ್ಡ ನಿಂತೆ. "ಆ ಕೊಳವೆ ಒಂದ್ಸಲ ಅತ್ತಿಗೆ ಎದೆಗೂ ಇಡಿ ಸರ್."

ಅವರು ತಲೆ ತಗ್ಗಿಸಿದರು. "ನಾನು ಮನುಷ್ಯರನ್ನ ನೋಡೋ ಹಾಗಿಲ್ಲಮ್ಮ. ಕಾನೂನು ಬಿಡಲ್ಲ."

ಅವರ ತಪ್ಪಲ್ಲ. ಅವರು ಮೊಲದ ಡಾಕ್ಟರು. ಮನುಷ್ಯರ ಡಾಕ್ಟರನ್ನು ಕರೆಸಿ ಅಂತ ಯಾವ ಕಾಯ್ದೆಯಲ್ಲೂ ಬರೆದಿರಲಿಲ್ಲ, ಅಷ್ಟೇ.

ಮೊಲಗಳು ನಮ್ಮಿಂದಾಗಿ ಬೆದರಿವೆ ಅಂತ ತೀರ್ಮಾನವಾಯಿತು. ನಿಯಮದಂತೆ ಅವುಗಳಿಗೆ ಪೂರ್ತಿ ವಿಶ್ರಾಂತಿ ಕೊಟ್ಟರು. ಯಾರೂ ಮುಟ್ಟಬಾರದು, ಯಾವ ಪ್ರಯೋಗವೂ ಇಲ್ಲ. ಅತ್ತಿಗೆಗೂ ವಿಶ್ರಾಂತಿ ಸಿಕ್ಕಿತು. ನಾಳೆಯಿಂದ ಬರೋದು ಬೇಡ ಅಂತ ಸೂಪರ್‌ವೈಸರ್ ಗೇಟಿನ ಹತ್ತಿರ ಹೇಳಿದ. ಕೈ ಸಾಲದು ಅಂತ ನನ್ನನ್ನು ಉಳಿಸಿಕೊಂಡರು.

ಮನೆಯಲ್ಲಿ ಅತ್ತಿಗೆ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿರುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಕೆಲಸದಿಂದ ಬಂದರೆ ಮೊದಲು ಕೇಳುವುದು, ಮೂಲೆಯ ಗೂಡಿನದು ಮೇವು ತಿಂತಾ ಅಂತ. ತಿಂತು ಅಂತ ಹೇಳಿ ಪಾತ್ರೆ ಕುಕ್ಕುತ್ತಿದ್ದೆ.

ತಪಾಸಣೆಯವರು ಬರುವ ಸುದ್ದಿ ಬಂತು. ಅವರು ಒಪ್ಪಿದರೆ ಔಷಧಕ್ಕೆ ಮುಂದಿನ ಅನುದಾನ. ಮೇಡಂ ಊಟ ತಿಂಡಿ ಮರೆತರು. ಎಲ್ಲ ಫಳಫಳ ಇರಬೇಕು ಅಂತ ಸೂಪರ್‌ವೈಸರ್ ನಮ್ಮ ಬೆನ್ನು ಹತ್ತಿದ. ಆಗ ನನ್ನ ತಲೆಗೆ ಹೊಳೆಯಿತು. ಮೊಲಗಳಿಗೆ ತಂಪು ಸಿಕ್ಕಿದ್ದು ಯಾರಿಗೋ ಕರುಣೆ ಬಂದು ಅಲ್ಲ. ದುಡ್ಡು ನಿಂತಿತು, ಅದಕ್ಕೆ ಸಿಕ್ಕಿತು. ಗೂಡು ತೊಳೆಯುವ ಉಳಿದ ಹೆಂಗಸರಿಗೆ ಇದನ್ನೇ ಹೇಳಿ, ಕೆಲಸ ನಿಲ್ಲಿಸೋಣ ಅಂದೆ. ಮೊಲಗಳು ಉಪವಾಸ ಬೀಳಬಾರದು ಅಂತ ಒಬ್ಬಳು ಅಂದಳು. ಉಪವಾಸ ಯಾಕೆ, ಮೇವು ಹಾಕೋಣ, ನೀರು ಹಾಕೋಣ, ತಟ್ಟೆ ಮಾತ್ರ ಮುಟ್ಟುವುದು ಬೇಡ ಅಂದೆ. ಒಬ್ಬೊಬ್ಬರಾಗಿ ಕೈಗವಸು ಕಳಚಿದರು. ಕೆಮ್ಮದವರು ನಮ್ಮಲ್ಲಿ ಯಾರೂ ಇರಲಿಲ್ಲ.

ತಪಾಸಣೆಯ ಹಿರಿಯರು ನಿಲುವಂಗಿ ತೊಟ್ಟು, ಕಾಲಿಗೆ ಚೀಲ ಕಟ್ಟಿಕೊಂಡು ಮೊಲದ ಕೋಣೆಗೆ ಕಾಲಿಟ್ಟವರೇ ಮೂಗು ಮುಚ್ಚಿದರು. ಮೇಡಂ ಮುಖ ಸುಣ್ಣವಾಯಿತು. ಸೂಪರ್‌ವೈಸರ್ ನಮ್ಮನ್ನು ಹುಡುಕುತ್ತ ಹೊರಗೆ ಓಡಿದ. ನಾನು ಒಳಗೇ ನಿಂತಿದ್ದೆ, ಮೇವಿನ ಬುಟ್ಟಿ ಹಿಡಿದು.

"ಯಾಕಮ್ಮ ತೊಳೆದಿಲ್ಲ?" ಹಿರಿಯರು ಕೇಳಿದರು.

ತೊಳೆಯುವವಳನ್ನು ತೆಗೆದುಹಾಕಿದ್ದಾರೆ ಅಂದೆ. ಯಾಕೆ ತೆಗೆದರು ಅಂತಲೂ ಹೇಳಿದೆ. ಬಿಸಿಗಾಳಿಯ ಬಾಯಿ ಎಲ್ಲಿಗೆ ತಿರುಗಿದೆ ಅಂತಲೂ ಹೇಳಿದೆ. ಅವರು ಕೇಳಿಸಿಕೊಂಡರು, ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ಪಾಪ ಅನ್ನಿಸುತ್ತೆ," ಅಂದರು. "ಆದ್ರೆ ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ. ನಾವು ಪ್ರಾಣಿಗಳ ಸ್ಥಿತಿ ಮಾತ್ರ ನೋಡೋದು."

"ತಟ್ಟೆ ಎಲ್ಲಿ ತೊಳೀತಾರೆ ಅಂತ ನೋಡ್ಬೇಕಲ್ವಾ ಸರ್? ಮೊಲದ ತಟ್ಟೆನೇ. ಅದು ವ್ಯಾಪ್ತಿಗೆ ಬರುತ್ತೆ."

ಅವರು ಮೇಡಂ ಕಡೆ ನೋಡಿದರು. ಮೇಡಂ ಬೇಡ ಅನ್ನುತ್ತಾರೆ ಅಂದುಕೊಂಡೆ. ಮೇಡಂ ನೆಲ ನೋಡುತ್ತ, ಹೌದು, ಅದೂ ಸೇರುತ್ತೆ ಅಂದರು. ನಾನು ಪಕ್ಕದ ಬಾಗಿಲು ತೆರೆದು ಹಿಡಿದೆ. ಹಿರಿಯರು ದಾಟಿದರು. ಹಿಂದೆಯೇ ಮೇಡಂ ದಾಟಿದರು. ನಾನೂ ದಾಟಿ ಬಾಗಿಲು ಮುಚ್ಚಿದೆ.

ಕಿಟಕಿಯಿಂದ ಯಂತ್ರದ ಬಿಸಿಯುಸಿರು ಮುಖಕ್ಕೆ ಬಡಿಯಿತು. ಕೆಲಸ ನಿಲ್ಲಿಸುವ ಮೊದಲು ತಂದಿದ್ದ ತೊಳೆಯದ ತಟ್ಟೆಗಳು ಗೋಡೆಯೆತ್ತರ ಪೇರಿಸಿದ್ದವು. ತೊಟ್ಟಿಯಲ್ಲಿ ಆಸಿಡ್ ಇತ್ತು, ಕೊಳವೆಯಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಹಿರಿಯರ ಕನ್ನಡಕ ಮಬ್ಬಾಯಿತು. ತೆಗೆದು ಒರೆಸಿಕೊಂಡರು, ಮತ್ತೆ ಮಬ್ಬಾಯಿತು. ಕಣ್ಣಲ್ಲಿ ನೀರು ಬಂತು. ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು. ಕೆಮ್ಮುತ್ತಲೇ ತಡವರಿಸಿ ಬಂದ ಬಾಗಿಲ ಹಿಡಿಗೆ ಕೈ ಚಾಚಿದರು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಗೋಡೆಯಾಚೆಯ ತಂಪು ಬಾಗಿಲ ಹಲಗೆಯಲ್ಲಿ ನನ್ನ ಬೆನ್ನಿಗೆ ತಾಕುತ್ತಿತ್ತು.

"ಈ ಬಾಗಿಲಲ್ಲಿ ವಾಪಸ್ ಹೋಗೋ ಹಾಗಿಲ್ಲ ಸರ್. ನಿಯಮ. ಮೊಲಗಳಿಗೆ ತೊಂದ್ರೆ ಆಗುತ್ತೆ."

ಅವರು ಮೇಡಂ ಕಡೆ ತಿರುಗಿದರು. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಮತ್ತೆ ಹೊರಗೆ ಹೋಗೋದು ಹೇಗಮ್ಮ?" ಅಂತ ಹಿರಿಯರು ನನ್ನನ್ನೇ ಕೇಳಿದರು.

"ಹಿಂಬಾಗಿಲಿದೆ. ಅಂಗಳದಲ್ಲಿ ನಮ್ಮವರೆಲ್ಲ ಕೂತಿದ್ದಾರೆ. ನಮ್ಮತ್ತಿಗೇನೂ ಇವತ್ತು ಮನೆಯಿಂದ ಕರ್ಕೊಂಡು ಬಂದಿದ್ದೀವಿ, ಬಾಗಿಲಿಗೆ ಅಡ್ಡವಾಗಿ ಕೂತಿದ್ದಾಳೆ. ಎದ್ದು ದಾರಿ ಬಿಡೋಕೆ ಅವಳಿಗೆ ಉಸಿರು ಸಾಲ್ದು. ನೀವೇ ಕೈ ಹಿಡಿದು ಎಬ್ಬಿಸ್ಬೇಕು."