ಶುಕ್ರವಾರದ ಹಾಲು

ಒಂದಾನೊಂದು ಕಾಲದಲ್ಲಿ, ಯಗಚಿ ಹೊಳೆಗೆ ಇನ್ನೂ ಯಾರೂ ಹೆಸರಿಟ್ಟಿರದಿದ್ದಾಗ, ಒಂದೂರಿನ ಮಕ್ಕಳೆಲ್ಲ ಒಣಕಡ್ಡಿಯ ಹಾಗಿದ್ದರಂತೆ. ಆ ಊರಿಗೆ ಒಬ್ಬಳು ಬಂದಳು. ಯಾವ ಸೀಮೆಯವಳೋ ಯಾವ ಕುಲದವಳೋ ಯಾರಿಗೂ ತಿಳಿಯದು. ಸೊಂಟದ ಮೇಲೆ ಒಂದು ಗಡಿಗೆ, ಗಡಿಗೆಯ ತುಂಬ ಬೆಳ್ಳನೆ ಹಾಲು. ಕುಡಿದ ಮಕ್ಕಳ ಕೆನ್ನೆ ತುಂಬಿತು, ತೋಳು ತುಂಬಿತು. ‘ಇದು ಯಾವ ಹಸುವಿನ ಹಾಲಮ್ಮ’ ಅಂತ ತಾಯಂದಿರು ಕೇಳಿದರೆ ಅವಳದು ಒಂದೇ ಮಾತು: ‘ಕುಡಿದು ನೋಡಿ.’ ಮಕ್ಕಳು ದುಂಡಗಾದಷ್ಟೂ ಅವಳ ಹಲ್ಲು ಉದ್ದವಾಗುತ್ತ ಬಂದವು.

ಅಷ್ಟು ಹೊತ್ತಿಗೆ ನನಗೆ ನಿದ್ದೆ. ಬೇಲೂರಿನ ನಮ್ಮ ಮನೆಯ ಅಡುಗೆಮನೆ ಕಂಬಕ್ಕೆ ಒರಗಿಕೊಂಡು ಶ್ರೀರಂಗಮ್ಮಜ್ಜಿ ಈ ಕಥೆಯನ್ನು ಅದೆಷ್ಟು ಸಲ ಹೇಳಿದ್ದಳೋ. ಮುಂದೇನಾಯಿತು ಅನ್ನುವುದು ಮಾತ್ರ ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಕಥೆಯ ಉಳಿದ ಭಾಗ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಹೆಂಚಿನ ಮನೆಯೊಂದರಲ್ಲಿ ನನಗಾಗಿ ಕಾಯುತ್ತಿದೆ ಅಂತ ನನಗೇನು ಗೊತ್ತಿತ್ತು.

ಮೈಸೂರು ರಾಜ್ಯ ದೊಡ್ಡದಾದ ಮಾರನೆಯ ವರ್ಷ ಅದು. ನಮ್ಮ ಚಿಕ್ಕಪ್ಪ ಸಂಪತ್ಕುಮಾರ್ ಅರಸೀಕೆರೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಬೊಂಬಾಯಿ ಕಡೆಯ ಕೆಲವು ಯಹೂದಿ ಸಂಸಾರಗಳು ಆಗ ಅಲ್ಲಿ ರೈಲ್ವೆ ಕೆಲಸಕ್ಕೆ ಬಂದಿದ್ದವು. ಗಾರ್ಡು, ಫಿಟ್ಟರು ಹೀಗೆ. ತಮ್ಮ ಮಕ್ಕಳಿಗೆಂದು ಒಂದು ಪುಟ್ಟ ಸ್ಕೂಲು ಮಾಡಿಕೊಂಡಿದ್ದರು. ಬೊಂಬಾಯಿಯಲ್ಲಿ ತಮ್ಮವರ ಸ್ಕೂಲಿನಲ್ಲೇ ಪಾಠ ಹೇಳಿ ಬಂದಿದ್ದ ರಿಬ್ಕಾಬಾಯಿ ತಾವು ಬಾಡಿಗೆಗಿದ್ದ ಹೆಂಚಿನ ಮನೆಯಲ್ಲೇ ಅದನ್ನು ನಡೆಸುತ್ತಿದ್ದರು. ಪಾಠ ಚೆನ್ನಾಗಿದೆ ಅಂತ ಊರಿನ ಕೆಲವು ಮಕ್ಕಳೂ ಸೇರಿದ್ದವು. ಕನ್ನಡ ಹೇಳಿಕೊಡಲು ಒಬ್ಬರು ಬೇಕಾದಾಗ ಚಿಕ್ಕಪ್ಪ ನನ್ನ ಹೆಸರು ಹೇಳಿದರು.

“ಹೋಗು, ಪಾಠ ಹೇಳು,” ಅಂದಳು ಅಜ್ಜಿ. “ಅಲ್ಲಿ ಒಂದು ತೊಟ್ಟು ನೀರೂ ಬಾಯಿಗೆ ಬಿಟ್ಕೋಬೇಡ.” ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೇ ಬಸ್ಸು ಹತ್ತಿದೆ.

ಆ ಸ್ಕೂಲಿನಲ್ಲಿ ದಿನದ ಮೊದಲ ಪಾಠ ಅಕ್ಷರವೂ ಅಲ್ಲ, ಲೆಕ್ಕವೂ ಅಲ್ಲ, ಊಟ. ಮಕ್ಕಳು ಅದನ್ನು ಹೊಟ್ಟೆಪಾಠ ಅನ್ನುತ್ತಿದ್ದವು. ಎರಡು ಹಿಡಿಯ ಚೊಂಬಿನಿಂದ ಬಲಗೈಗೊಮ್ಮೆ ಎಡಗೈಗೊಮ್ಮೆ ನೀರು ಹುಯ್ದುಕೊಳ್ಳಬೇಕು. ಬಾಯೊಳಗೇ ಏನೋ ಸ್ತೋತ್ರ ಹೇಳಿ ಆಮೇಲೆ ತುತ್ತು. ದಂಟಿನ ಸೊಪ್ಪಿನ ಒಂದೊಂದು ಎಲೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. “ಹುಳ ಇದೆ ಅಂತ ಸೊಪ್ಪು ಬಿಡಬಾರದು. ಹುಳ ಬಿಟ್ಟು ಸೊಪ್ಪು ತಿನ್ನಬೇಕು,” ಅನ್ನುತ್ತಿದ್ದರು ರಿಬ್ಕಾಬಾಯಿ, ತಮ್ಮ ಮರಾಠಿ ರಾಗದ ಕನ್ನಡದಲ್ಲಿ. ಮಧ್ಯಾಹ್ನ ಮನೆಗೆ ಹೋಗಿ ಉಂಡು ಬಂದ ಮಕ್ಕಳಿಗೆ ಮೂರು ಗಂಟೆಗೆ ಒಂದೊಂದು ಲೋಟ ಹಾಲು.

ಇಷ್ಟೇ ಆಗಿದ್ದರೆ ನನಗೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಆ ಅಡುಗೆಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಕಂಡದ್ದೆಂದರೆ ಎರಡು ಗೂಡು, ಪಾತ್ರೆಗಳ ಕತ್ತಿಗೆ ದಾರ. ಒಂದು ಗೂಡಿನವಕ್ಕೆ ಬಿಳಿ ದಾರ, ಇನ್ನೊಂದರವಕ್ಕೆ ಕೆಂಪು. ಪಾತ್ರೆಗೆ ದಾರ ಯಾಕೆ ಕಟ್ಟುತ್ತಾರೆ? ನಮ್ಮಜ್ಜಿಯ ಕಥೆಗಳಲ್ಲಿ ದಾರ ಕಟ್ಟುವುದು ಒಂದೇ ಕಾರಣಕ್ಕೆ, ಒಳಗಿರುವುದು ಹೊರಗೆ ಬರದಿರಲಿ ಅಂತ. ಶನಿವಾರ ಆ ಮನೆಯಲ್ಲಿ ಒಲೆಯೇ ಉರಿಯುತ್ತಿರಲಿಲ್ಲ. ಶನಿಕಾಟ ಇರಬೇಕು ಅಂತ ಬೀದಿಯವರು ಮಾತಾಡಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರ ಶುಕ್ರವಾರದ ಹಾಲು. ಬೇರೆ ದಿನದ ಹಾಲು ಬಿಳಿ ದಾರದ ಪಾತ್ರೆಯಲ್ಲಿ ಬರುತ್ತಿತ್ತು, ಮೇಲೆ ಕೆನೆ ಕಟ್ಟಿರುತ್ತಿತ್ತು. ಶುಕ್ರವಾರದ್ದು ದಾರವೇ ಇಲ್ಲದ ಒಂಟಿ ಪಾತ್ರೆಯಲ್ಲಿ. ಅದಕ್ಕೆ ಕೆನೆಯೇ ಇಲ್ಲ.

ಇದನ್ನು ಗಮನಿಸಿದವಳು ನಾನೊಬ್ಬಳೇ ಅಲ್ಲ. ಒಂದು ಸಂಜೆ ಸ್ಕೂಲು ಬಿಟ್ಟ ಮೇಲೆ ಕಾಯಿ ಕೊಬ್ಬರಿ ಮಂಡಿಯ ದೇವೀರಪ್ಪನವರು ಬೇಲಿಯ ಹತ್ತಿರ ನಿಂತಿದ್ದರು. ಸ್ಕೂಲು ನಡೆಯುವ ಮನೆ ಅವರದೇ. ತಾಯಿಯಿಲ್ಲದ ಅವರ ಮೊಮ್ಮಗಳು ಸುವರ್ಣ ನನ್ನ ತರಗತಿಯಲ್ಲಿದ್ದಳು. ಸೇರಿದಾಗ ಆ ಮಗುವಿನ ಕೊರಳಲ್ಲಿದ್ದ ಲಿಂಗದ ಕರಡಿಗೆಯೇ ಅವಳಿಗಿಂತ ಭಾರ ಅನ್ನಿಸುತ್ತಿತ್ತಂತೆ.

“ಟೀಚರಮ್ಮ, ನಮ್ಮ ಹುಡುಗಿ ಮೈ ತುಂಬ್ಕೊಂಡೈತೆ,” ಅಂದರು.

“ಒಳ್ಳೇದೇ ಅಲ್ವಾ ಸಾಹುಕಾರ್ರೇ.”

“ಒಳ್ಳೇದೇ. ಅದೇ ನಂಗೆ ಅನುಮಾನ. ನಮ್ಮನೇಲಿ ಹಸು ಕರೀತಾವೆ. ತುಪ್ಪ ಹಚ್ಚಿದ ರೊಟ್ಟಿ ಕೊಟ್ರೂ ಮೂತಿ ತಿರುಗಿಸ್ತಿದ್ದ ಕೂಸು ಇಲ್ಲಿ ಲೋಟ ನೆಕ್ಕಿ ಬತ್ತೈತೆ ಅಂದ್ರೆ ಅದರೊಳಗೆ ಏನೈತೆ? ಶುಕ್ರವಾರದ್ದು ಕೆನೆ ಕಟ್ಟಲ್ವಂತೆ.”

“ಸುವರ್ಣ ಏನಂತಾಳೆ?”

“ಕಾಯಿಹಾಲಿನ ಥರ ಐತೆ ತಾತ, ಅಂತೈತೆ. ಮಕ್ಕಳ ಮಾತು, ಬಿಡಿ.” ಅವರು ದನಿ ತಗ್ಗಿಸಿದರು. “ಮಾಂಸದ ಮನೆ ಕಣಮ್ಮ ಅದು. ಮೂಳೆ ಕುದಿಸಿದ್ರೂ ಬೆಳ್ಳಗೆ ನೀರು ಬಿಡ್ತದಂತೆ. ಬೆಲ್ಲ ಏಲಕ್ಕಿ ಹಾಕಿದ್ರೆ ಕೂಸಿಗೆ ಏನು ಗೊತ್ತಾದಾತು? ಲಿಂಗ ಕಟ್ಟಿದ ಮಗು. ಅಂಥದ್ದೇನಾದ್ರೂ ಇದ್ರೆ ಮಗೂನೂ ಕರ್ಕೊಂಡು ಹೋಗ್ತೀನಿ, ಮನೇನೂ ಖಾಲಿ ಮಾಡಿಸ್ತೀನಿ. ಸುಮ್ಸುಮ್ನೆ ಒಬ್ಬರ ಮೇಲೆ ಅಪವಾದ ಹೊರಿಸೋದೂ ತಪ್ಪು. ನೀವು ದೇವಸ್ಥಾನದ ಮನೆಯೋರು, ಸುಳ್ಳಾಡಲ್ಲ. ಕುಡಿದು ನೋಡಿ, ಏನು ಅಂತ ಹೇಳಿ. ನಿಮ್ಮ ಮಾತು ನಂಬ್ತೀನಿ.”

ಹೇಳ್ತೀನಿ ಅಂದುಬಿಟ್ಟೆ. ಅಜ್ಜಿಗೆ ಕೊಟ್ಟ ಮಾತು ನೆನಪಾದದ್ದು ಚಿಕ್ಕಪ್ಪನ ಮನೆಯ ಹೊಸಿಲು ದಾಟುವಾಗ.

ಆ ಶುಕ್ರವಾರ ಒಂದು ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದೆ. ಬೆಲ್ಲ, ಏಲಕ್ಕಿ. ಅವುಗಳ ಅಡಿಯಲ್ಲಿ ಇನ್ನೊಂದು ವಾಸನೆ, ಎಲ್ಲೋ ಗೊತ್ತಿರುವಂಥದ್ದೇ, ಕನಸಿನಲ್ಲಿ ಕಂಡವರ ಹೆಸರಿನ ಹಾಗೆ ನಾಲಿಗೆಗೆ ಬರಲೊಲ್ಲದು.

“ಇದು ಯಾವ ಹಾಲು ಬಾಯಿಯವರೇ?” ಅಂತ ಕೇಳಿದೆ.

ರಿಬ್ಕಾಬಾಯಿ ನಕ್ಕರು. “ಕುಡಿದು ನೋಡಿ.”

ನನ್ನ ಕಣ್ಣು ತಾನಾಗಿ ಅವರ ಹಲ್ಲಿನ ಮೇಲೆ ಹೋಯಿತು. ಮುಂದಿನದೊಂದು ಹಲ್ಲು ಉಳಿದವಕ್ಕಿಂತ ಸ್ವಲ್ಪ ಉದ್ದವೇ ಇತ್ತು. ಮೊದಲೂ ಹೀಗೇ ಇತ್ತೇ? ಲೋಟ ಕೆಳಗಿಟ್ಟೆ. ಅವರ ನಗುವೂ ಅಲ್ಲಿಗೇ ನಿಂತಿತು.

ಅಂದಿನಿಂದ ನಾನು ಅವರನ್ನು ನೋಡುವುದು, ನಾನು ನೋಡುವುದನ್ನು ಅವರು ನೋಡುವುದು. ಅಡುಗೆಮನೆಗೆ ಚಿಲಕವೂ ಬಿತ್ತು. ಮನಸ್ಸು ಹಗುರವಾಗಲಿ ಅಂತ ಒಂದು ದಿನ ಪುಳಿಯೋಗರೆ ಕಟ್ಟಿಕೊಂಡು ಹೋಗಿ ಕೊಟ್ಟೆ. ಬಾಳೆ ಎಲೆ ಬಿಡಿಸಿ ನೋಡಿ, “ಯಾವ ಪಾತ್ರೆಯಲ್ಲಿ ಮಾಡಿದ್ದು?” ಅಂತ ಕೇಳಿದರು. ಹೇಳಿದೆ. ಮತ್ತೆ ಮಡಿಸಿ ನನ್ನ ಕೈಗೇ ಕೊಟ್ಟರು. “ತಪ್ಪು ತಿಳೀಬೇಡಿ ಆಂಡಾಳ್‌ಬಾಯಿ.” ಹೇಗೆ ತಿಳಿಯದಿರಲಿ? ನಮ್ಮ ಕೈಯದು ತಿನ್ನದವರು ನಮಗೆ ಏನು ಕುಡಿಸುತ್ತಾರೆ?

ಹೂವು ಕೀಳುವ ನೆಪದಲ್ಲಿ ಹಿತ್ತಿಲಿಗೂ ಹೋದೆ. ಒಲೆಗೆಂದು ಗುಡ್ಡೆ ಹಾಕಿದ್ದ ಕರಟ. ಅದು ಅರಸೀಕೆರೆಯಲ್ಲಿ ಯಾರ ಹಿತ್ತಿಲಲ್ಲಿ ಇಲ್ಲ? ಅದನ್ನು ದಾಟಿದ ಮೂಲೆಯಲ್ಲಿ ಕೋಳಿಯ ಪುಕ್ಕ. ಅದೂ ಶುಕ್ರವಾರ ಬೆಳಗ್ಗೆ. ಮೂಳೆಯ ಮಾತು ನಿಜವೇ ಇರಬೇಕು. ಮಧ್ಯಾಹ್ನ ಸುವರ್ಣ ಲೋಟ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡು ಕುಡಿಯುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ.

ಸಂಜೆ ದೇವೀರಪ್ಪನವರು, “ಕುಡಿದ್ರಾ?” ಅಂದರು.

“ಇಲ್ಲ.”

“ಯಾಕಮ್ಮ, ನಿಮಗೂ ಅನುಮಾನವಾ?” ನಾನು ಹಿತ್ತಿಲ ಕಡೆ ನೋಡಿದೆ. “ಹಂಗಾದ್ರೆ ಬರೋ ಶುಕ್ರವಾರ ನಾನೇ ಬತ್ತೀನಿ,” ಅಂತ ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟರು.

ಶನಿವಾರ ಸ್ಕೂಲಿಲ್ಲ. ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಬೇಲೂರಿಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಕಣ್ಣು ಮಂಜು, ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು.

“ಅಜ್ಜಿ, ಆ ಗಡಿಗೆಯವಳ ಕಥೆ. ಕೊನೆಗೆ ಏನಾಯ್ತು?”

“ಯಾವ ಗಡಿಗೆಯವಳೇ?”

“ಹಲ್ಲು ಉದ್ದ ಆಗ್ತಿತ್ತಲ್ಲ.”

“ಓ, ಅವಳಾ. ಕೊನೆಗಿನೆ ಏನೂ ಇಲ್ಲ ಕಣೇ. ಸೊಪ್ಪಿನ ತುತ್ತು ಕಂಡ್ರೆ ನೀನು ಬೀಗ ಹಾಕಿದ ಹಾಗೆ ಬಾಯಿ ಮುಚ್ಚಿಕೊಂಡು ಕೂರ್ತಿದ್ದೆ. ಹಲ್ಲು ಉದ್ದ ಆಯ್ತು ಅಂದ ಕೂಡಲೆ ಹೆದರಿ ಬಾಯಿ ಬಿಡ್ತಿದ್ದೆ. ನಾನು ತುರುಕ್ತಿದ್ದೆ. ತಟ್ಟೆ ಖಾಲಿ ಆದ ಮೇಲೆ ಕಥೆಗೇನು ಕೆಲಸ?”

ಇಷ್ಟು ವರ್ಷ ನನ್ನ ಕನಸಿನಲ್ಲಿ ಓಡಾಡಿಕೊಂಡಿದ್ದವಳು ಒಂದು ತುತ್ತು ದಂಟಿನ ಸೊಪ್ಪಿಗಾಗಿ ಹುಟ್ಟಿದವಳು. ನಗು ಬರಲಿಲ್ಲ. ದಾರ, ಚಿಲಕ, ಪುಕ್ಕ, ಪುಳಿಯೋಗರೆ, ಎಲ್ಲವನ್ನೂ ಹೇಳಿದೆ.

“ಯಾವ ಪಾತ್ರೆ ಅಂತ ಕೇಳಿದಳಾ?” ಅಜ್ಜಿಯ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. “ನಾನೂ ಕೇಳ್ತಿದ್ದೆ.”

“ಹಾಗಾದ್ರೆ ಅವರು ಒಳ್ಳೆಯವರಾ?”

“ಯಾರ ಮನೆಯೊಳಗೆ ಏನಿರುತ್ತೋ ನನಗೇನು ಗೊತ್ತು. ಕಥೆ ನಾನು ಕಟ್ಟಿದ್ದು ಅಂದೆ, ರಾಕ್ಷಸಿಯರೇ ಇಲ್ಲ ಅಂದ್ನಾ?” ಇನ್ನೊಂದು ಎಲೆಯನ್ನು ಬೆಳಕಿಗೆ ಹಿಡಿದು, “ಆ ಸಾಹುಕಾರರ ಮಗು ಮೊದಲು ಉಣ್ತಿರಲಿಲ್ಲ, ಈಗ ಉಣ್ಣುತ್ತೆ ಅಂದೆಯಲ್ಲ. ಸೊಪ್ಪೂ ತಿನ್ನುತ್ತಾ?”

“ಬಡಿಸಿಕೊಂಡು ತಿಂತಾಳೆ.”

“ಬಡಿಸಿಕೊಂಡು,” ಅಂದಳು ಅಜ್ಜಿ. ದನಿಯಲ್ಲಿ ಹೊಟ್ಟೆಕಿಚ್ಚಿತ್ತು. “ಏನು ಕಥೆ ಹೇಳ್ತಾಳೋ ಒಂದು ಸಲ ಕೇಳ್ಕೊಂಡು ಬಾ.”

“ಕುಡಿದು ನೋಡ್ತೀನಿ ಅಂತ ಸಾಹುಕಾರರಿಗೆ ಮಾತು ಕೊಟ್ಟಿದ್ದೀನಿ. ಮುಟ್ಟಲ್ಲ ಅಂತ ನಿನಗೆ ಕೊಟ್ಟಿದ್ದೀನಿ. ಏನು ಮಾಡಲಿ?”

“ಏನಂದೆ? ಈ ಕಿವಿ ಒಂದು, ಬೆಳಗ್ಗೆಯಿಂದ ಏನೂ ಕೇಳಿಸ್ತಿಲ್ಲ.”

ಇನ್ನೂ ಎರಡು ಸಲ ಕೇಳಿದೆ. ಕೇಳಿಸಲೇ ಇಲ್ಲ. ಅಷ್ಟರಲ್ಲಿ ಹಿತ್ತಿಲ ಕಡೆ ಬೆಕ್ಕೊಂದು ಪಾತ್ರೆಗೆ ಮೂತಿ ಹಾಕಿದ ಸಣ್ಣ ಸದ್ದಾಯಿತು. “ಛೀ ಬೆಕ್ಕೇ,” ಅಂತ ಕೂತಲ್ಲಿಂದಲೇ ಗದರಿಸಿದಳು.

ಶುಕ್ರವಾರ ಮೂರು ಗಂಟೆಗೆ ಸರಿಯಾಗಿ ದೇವೀರಪ್ಪನವರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರು. ಮಕ್ಕಳ ಕೈಯಲ್ಲಿ ಆಗಲೇ ಲೋಟಗಳಿದ್ದವು. ತಾತನನ್ನು ಕಂಡ ಸುವರ್ಣ ತನ್ನ ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಈ ಮನೇಲಿ ಮಾಂಸ ಬೇಯಿಸ್ತೀರಾ ಬಾಯಮ್ಮ?”

“ಬೇಯಿಸ್ತೀವಿ,” ಅಂದರು ರಿಬ್ಕಾಬಾಯಿ. “ಕೆಂಪು ದಾರದ ಪಾತ್ರೆಯಲ್ಲಿ. ಹಾಲಿಗೆ ಬಿಳಿ ದಾರದ್ದು. ಒಂದು ಇನ್ನೊಂದಕ್ಕೆ ತಾಗಿದರೆ ನಿಮಗಿಂತ ಮೊದಲು ನನಗೆ ಆಗಲ್ಲ. ಅದಕ್ಕೇ ಒಳಗೆ ಯಾರನ್ನೂ ಬಿಡಲ್ಲ. ಗೊತ್ತಿಲ್ಲದ ಕೈ ಸೌಟು ಬದಲಾಯಿಸಿಬಿಡುತ್ತೆ.”

“ಶುಕ್ರವಾರದ್ದಕ್ಕೆ ದಾರಾನೇ ಇಲ್ವಂತಲ್ಲ.”

“ಶನಿವಾರ ನಮಗೆ ದೇವರ ದಿನ, ಒಲೆ ಹಚ್ಚಲ್ಲ. ಹಾಗಾಗಿ ಶುಕ್ರವಾರವೇ ನಮ್ಮ ಮನೆಗಳಲ್ಲಿ ಕೋಳಿ ಅಡುಗೆ, ಮಧ್ಯಾಹ್ನಕ್ಕೂ ಅದೇ. ಅದನ್ನು ಉಂಡ ಮೇಲೆ ಹಸುವಿನ ಹಾಲು ಕುಡಿಯೋ ಹಾಗಿಲ್ಲ, ನಮ್ಮ ಶಾಸ್ತ್ರ. ನಮ್ಮ ಮಕ್ಕಳಿಗೆ ಒಂದು ಲೋಟ, ನಿಮ್ಮ ಮಕ್ಕಳಿಗೆ ಇನ್ನೊಂದು ಲೋಟ ಅಂತ ಮಾಡೋಕೆ ನನಗೆ ಮನಸ್ಸು ಬರಲಿಲ್ಲ. ಹಾಲಿಗೂ ಸೇರದ ಮಾಂಸಕ್ಕೂ ಸೇರದ ಪಾತ್ರೆ ಅದು. ಎಲ್ಲರೂ ಅದನ್ನೇ ಕುಡೀತಾರೆ.”

“ಅದೇ ಕೇಳಿದ್ದು ನಾನು. ಏನದು?”

ರಿಬ್ಕಾಬಾಯಿ ನನ್ನ ಕಡೆ ನೋಡಿದರು, ಆಮೇಲೆ ಅವರ ಕಡೆ. “ನಿಮ್ಮ ಮಗು ಹೇಳಿದ್ದನ್ನೇ ನೀವು ನಂಬಲಿಲ್ಲ ಅಂತ ಅವಳೇ ಹೇಳಿದಳು. ನಾನು ಹೇಳಿದರೆ ನಂಬ್ತೀರಾ? ಕುಡಿದು ನೋಡಿ.”

ಒಂದು ಲೋಟ ಮುಂದೆ ಚಾಚಿದರು. ದೇವೀರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಮಗುವಿನ ತೋಳಿಗೆ ಕೈ ಹಾಕಿ, “ನಡಿ,” ಅಂದರು. ಸುವರ್ಣ ಅಳಲಿಲ್ಲ. ಕಾಲು ಊರಿ ನಿಂತು ನನ್ನನ್ನೇ ನೋಡಿದಳು. ಅವಳ ಬೆನ್ನ ಹಿಂದೆ ಲೋಟ ಅಲುಗಿ ನೆಲಕ್ಕೆ ಎರಡು ಹನಿ ಬಿದ್ದವು.

ನನಗೆ ಆಗಲೂ ನಂಬಿಕೆ ಬಂದಿರಲಿಲ್ಲ. ಶಾಸ್ತ್ರ ಯಾರು ಬೇಕಾದರೂ ಹೇಳಬಹುದು. ಆ ಉದ್ದನೆಯ ಹಲ್ಲು ಅಲ್ಲೇ ಇತ್ತು. ಆದರೆ ಬಾಯಿ ಬಿಡದೆ ಕೂತಿದ್ದ ನನ್ನ ಎದುರು ತುತ್ತು ಹಿಡಿದು ಕೂತಿದ್ದ ಅಜ್ಜಿ ಕಣ್ಣ ಮುಂದೆ ಬಂದಳು. ಈ ಮಗುವಿನ ತಟ್ಟೆಯ ಮುಂದೆ ನಾಳೆಯಿಂದ ಯಾರು ಕೂರುತ್ತಾರೆ?

ರಿಬ್ಕಾಬಾಯಿಯ ಕೈಯಿಂದ ಲೋಟ ತೆಗೆದುಕೊಂಡೆ. ಕಚ್ಚದೆ ಎತ್ತಿ ಹುಯ್ದುಕೊಂಡೆ. ಗಂಟಲಲ್ಲಿ ಇಳಿಯಿತು. ಇನ್ನೊಂದು ಗುಟುಕು. ಆಗ ಆ ವಾಸನೆಗೆ ಹೆಸರು ಬಂತು. ಬೇಲೂರಿನ ಅಡುಗೆಮನೆ, ಒತ್ತುಶ್ಯಾವಿಗೆ ಮಾಡಿದ ದಿನ, ಒರಳ ಮುಂದೆ ಕೂತ ಅಜ್ಜಿ, ಅವಳ ಬೆರಳ ಸಂದಿಯಿಂದ ಇಳಿಯುವ ಬೆಳ್ಳನೆ ಹಾಲು. ಹಿತ್ತಿಲ ಕರಟದ ಗುಡ್ಡೆಯನ್ನು ದಾಟಿಕೊಂಡು ಹೋಗಿ ಪುಕ್ಕ ಹುಡುಕಿದ್ದೆ ನಾನು.

“ಏನಮ್ಮ?” ದೇವೀರಪ್ಪನವರ ಕೈ ಇನ್ನೂ ಮಗುವಿನ ತೋಳಿನ ಮೇಲೇ ಇತ್ತು. “ಏನೈತೆ ಅದರಲ್ಲಿ?”

“ಕಾಯಿಹಾಲು ಸಾಹುಕಾರ್ರೇ. ಬೆಲ್ಲ, ಏಲಕ್ಕಿ. ಬೇರೆ ಏನೂ ಇಲ್ಲ.”

“ಕಾಯಿ ಎಲ್ಲಿಂದ?”

“ನಿಮ್ಮ ಮಂಡಿಯಿಂದ,” ಅಂದರು ರಿಬ್ಕಾಬಾಯಿ.

ದೇವೀರಪ್ಪನವರ ಕೈ ಮಗುವಿನ ತೋಳಿನಿಂದ ಜಾರಿತು. ಸುವರ್ಣ ಬೆನ್ನ ಹಿಂದಿನಿಂದ ಲೋಟ ತೆಗೆದು, ತಾತನ ಮುಖವನ್ನೇ ನೋಡುತ್ತ, ತಳ ಕಾಣುವವರೆಗೂ ಕುಡಿದಳು.