ಸಮಿತಿಯ ಕೆಂಪು ಕೈಗವಸು

ಸುರಕ್ಷತಾ ಸಮಿತಿ ಎಂದರೆ ನನಗೆ ಮೊದಲಿನಿಂದಲೂ ಅಲರ್ಜಿ. ನಮ್ಮ ವಸತಿ ಸಂಕೀರ್ಣದ ಸಮಿತಿಯಲ್ಲಿ ಐದು ಜನ ಗಂಡಸರು; ಐವರೂ ಬೆಂಕಿ ಕಂಡದ್ದು ಗ್ಯಾಸ್ ಒಲೆಯಲ್ಲಿ, ಅದೂ ಹೆಂಡತಿ ಹಚ್ಚಿದಾಗ. ಅಧ್ಯಕ್ಷ ನನ್ನ ಒಡಹುಟ್ಟಿದ ಅಣ್ಣ. ನಾನು ಹನ್ನೆರಡು ವರ್ಷಗಳಿಂದ ಸುಟ್ಟಗಾಯಗಳ ವಾರ್ಡಿನಲ್ಲಿ ನರ್ಸ್. ಹಾಗಾಗಿ ನನ್ನನ್ನು ಸಮಿತಿಗೆ ಸೇರಿಸಿಕೊಂಡಿರಲಿಲ್ಲ.

ಈ ಸಲದ ಪಟಾಕಿ ಸಂಜೆಗೆಂದು ಸಮಿತಿ ಮಕ್ಕಳಿಗೆಲ್ಲ ಕೈಗವಸು ತರಿಸಿತು. ಮಿರಮಿರ ಮಿಂಚುವ ಕೆಂಪು ನೈಲಾನ್; ಮೇಲೆ ಬಿಳಿ ಅಕ್ಷರದಲ್ಲಿ ‘ಸುರಕ್ಷತೆಯೇ ನಮ್ಮ ಉಸಿರು’. ನಾನು ಸಭೆಗೆ ಹೋಗಿ, ಒಂದನ್ನು ಬಿಸ್ಕತ್ತಿನ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದೆ. ಅದು ಮುದುಡಿ, ಕರಗಿ, ತಟ್ಟೆಗೇ ಅಂಟಿಕೊಂಡಿತು.

“ಮಗು ಕೈಗೂ ಹೀಗೇ ಅಂಟ್ಕೊಳ್ಳತ್ತೆ. ಸುರುಸುರುಬತ್ತಿಯಾದ್ರೆ ಬಿಸಾಕ್ಬಹುದು. ಇದನ್ನ ಹೇಗೆ ಬಿಸಾಕ್ತಾರೆ?”

“ಕೈಗವಸಿಗೆ ಯಾರಮ್ಮ ಬೆಂಕಿ ಹಚ್ತಾರೆ?” ಎಂದರು ಕಾರ್ಯದರ್ಶಿ. ಎಲ್ಲರೂ ನಕ್ಕರು. ‘ನಿವಾಸಿಯೊಬ್ಬರ ಅಭಿಪ್ರಾಯವನ್ನು ಗಮನಿಸಲಾಯಿತು’ ಎಂದು ಪುಸ್ತಕದಲ್ಲಿ ಬರೆದುಕೊಂಡರು. ತಟ್ಟೆ ಹಾಳಾದದ್ದನ್ನೂ ಬರೆದುಕೊಂಡರು.

ನಗದೆ ಉಳಿದವಳು ಅಣ್ಣನ ಮಗಳು ಗುಬ್ಬಿ ಒಬ್ಬಳೇ. ಒಂಬತ್ತು ವರ್ಷದ ಹುಡುಗಿ. ಅಪ್ಪನ ಜೊತೆ ಬಂದು ಚಿತ್ರ ಬಿಡಿಸುತ್ತಾ ಕೂತಿದ್ದಳು. ಪೆನ್ಸಿಲ್ ಬಿಟ್ಟು ತಟ್ಟೆಯನ್ನೇ ನೋಡುತ್ತಿದ್ದಳು.

ನನ್ನ ಬಾಯಿ ಮುಚ್ಚಿಸಲು ಅಣ್ಣ ಎದ್ದು ನಿಂತ. “ಮೊದಲ ಸುರುಸುರುಬತ್ತಿ ನನ್ನ ಮಗಳೇ ಹಿಡೀತಾಳೆ. ಇದೇ ಕೈಗವಸು ಹಾಕ್ಕೊಂಡು. ಸಮಾಧಾನ ಆಯ್ತಾ?”

ಗುಬ್ಬಿಯ ಬೆರಳುಗಳಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವಳು ನಾನು. ಅಣ್ಣನಿಗೆ, ಅತ್ತಿಗೆಗೆ ಹೇಳಿ ಹೇಳಿ ಗಂಟಲು ಒಣಗಿತು. “ನಿಂಗೆ ಎಲ್ಲಿ ನೋಡಿದ್ರೂ ಆಸ್ಪತ್ರೆನೇ ಕಾಣತ್ತೆ” ಎಂದ ಅಣ್ಣ. ಕೊನೆಗೆ ದೊಡ್ಡವರನ್ನು ಬಿಟ್ಟು ಗುಬ್ಬಿಯನ್ನು ಕೂರಿಸಿಕೊಂಡು ಹೇಳಿದೆ. ಅವಳು ಕೇಳಿಸಿಕೊಂಡಳು.

ಸಂಜೆ ಅಂಗಳದಲ್ಲಿ ದೊಡ್ಡ ಬೆಂಕಿ ಹಾಕಲೆಂದು ಸೌದೆ ಒಟ್ಟಿದ್ದರು. ಬೆಂಕಿ ಆರಿಸುವ ಬಕೆಟ್‌ಗಳಿಗೆ ಹೊಸ ಬಣ್ಣ ಬಳಿದಿದ್ದರು. ಬಣ್ಣ ಹಸಿಯಾಗಿದೆ ಎಂದು ನೀರು ತುಂಬಿರಲಿಲ್ಲ. ನಾನು ಮನೆಯಿಂದ ತಂದಿಟ್ಟ ನೀರನ್ನು, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಹಿಂದಕ್ಕೆ ಸರಿಸಿದರು.

ಅಣ್ಣ ಮೈಕಿನಲ್ಲಿ ಮಗಳನ್ನು ಕರೆದ. ಗುಬ್ಬಿ ಬಂದಳು, ಕೈಗವಸನ್ನು ಅವನತ್ತ ಚಾಚಿದಳು.

“ನಾನು ಹಾಕ್ಕೊಳ್ಳಲ್ಲಪ್ಪ. ನೀನೇ ಹಾಕ್ಕೋ.”

ಇಡೀ ಅಂಗಳಕ್ಕೆ ಕೇಳಿಸಿತು. ಅಧ್ಯಕ್ಷರ ಮರ್ಯಾದೆ ಪ್ರಶ್ನೆ ತಾನೇ? ಮಗಳ ಅಳತೆಯ ಕೈಗವಸನ್ನು ಎಳೆದೆಳೆದು ತನ್ನ ಬಲಗೈಗೆ ತುರುಕಿಕೊಂಡ. ಅದು ಅರ್ಧ ಅಂಗೈಗೇ ನಿಂತಿತು. ಸುರುಸುರುಬತ್ತಿ ಹೊತ್ತಿಸಿ ಕ್ಯಾಮರಾಕ್ಕೆ ಹಲ್ಲು ಕಿರಿದ. “ಇನ್ನೂ ಸ್ವಲ್ಪ ಮುಖದ ಹತ್ರ ಹಿಡೀರಿ ಸಾರ್” ಎಂದ ಫೋಟೋದವನು. ಹಿಡಿದ. ಕಿಡಿ ಬಿದ್ದು ಕೈಗವಸು ಹೊತ್ತಿಕೊಂಡಿತು.

ಕಾರ್ಯದರ್ಶಿ ಟೂತ್‌ಪೇಸ್ಟ್ ತರಲು ಓಡಿದರು. ಖಜಾಂಚಿ ಕೈಗವಸನ್ನು ಕಿತ್ತೆಳೆಯಲು ಬಂದರು; ಚರ್ಮವೂ ಕಿತ್ತು ಬರುತ್ತದೆಂದು ಅವರ ಕೈಗೆ ಪಟ್ಟನೆ ಹೊಡೆದೆ. ಅಷ್ಟರಲ್ಲಿ ಗುಬ್ಬಿ ಅಪ್ಪನನ್ನು ನಲ್ಲಿಯ ಹತ್ತಿರ ಎಳೆದೊಯ್ದು, ಆ ಕೈಯನ್ನು ಹರಿಯುವ ನೀರಿಗೆ ಒಡ್ಡಿದ್ದಳು.

“ಇಪ್ಪತ್ತು ನಿಮಿಷ ಹಿಡೀಬೇಕಪ್ಪ. ಅತ್ತೆ ಹೇಳಿದಾರೆ.”

ಉಳಿದ ಮಕ್ಕಳು ತಮ್ಮ ಕೈಗವಸುಗಳನ್ನು ಕಳಚಿ ಎಸೆದರು. ಅವರಿಗೆ ಸಭೆ ಸೇರಬೇಕಾಗಲಿಲ್ಲ.

ವಾರ್ಡಿನಲ್ಲಿ ಡಾಕ್ಟರು ಕೈ ಮರಗಟ್ಟಿಸಿ, ಅಂಟಿದ್ದನ್ನು ಚೂರುಚೂರಾಗಿ ಬಿಡಿಸಿದರು. ನಾನು ಟ್ರೇ ಹಿಡಿದು ನಿಂತಿದ್ದೆ. ಅಣ್ಣ ನನ್ನ ಕಿವಿಯ ಬಳಿ ಪಿಸುಗುಟ್ಟಿದ. “ಕೈಗವಸಿಂದ ಆಯ್ತು ಅಂತ ಕೇಸ್ ಶೀಟಲ್ಲಿ ಬರೀಬೇಡ ಕಣೇ. ಸಮಿತಿ ಹೆಸರು ಕೆಡತ್ತೆ.”

ಒಂದೇ ಹೊಟ್ಟೆಯಲ್ಲಿ ಹುಟ್ಟಿದವನ ಮೇಲೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಟ್ರೇಯನ್ನು ಅವನ ಮುಖದ ಮುಂದೆ ಹಿಡಿದೆ. ಕೈಗವಸಿನ ಕಿರುಬೆರಳಿನ ಭಾಗ ಮಾತ್ರ ಸುಡದೆ ಉಳಿದಿತ್ತು. ಇಷ್ಟೇ ಇಷ್ಟು.

ಅದನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಗುಬ್ಬಿಯ ಕೈಯನ್ನು ನೋಡಿದ.

“ಕೈಗವಸು ಅಂತಲೇ ಬರಿ” ಎಂದ ಕೊನೆಗೆ.

ನಾನು ಆಗಲೇ ಬರೆದಾಗಿತ್ತು.